ಬಿಸಿಲಲ್ಲಿ ನಿಂತು ಕೇಳು

ಕತ್ತಲೆಯ ತಿಂಗಳುಗಳಲ್ಲಿ ಆಡಿದ ಮಾತಿಗೆ ನಾರ್ವೆಯ ಉತ್ತರ ತುದಿಯ ನಮ್ಮೂರಲ್ಲಿ ಬೆಲೆಯಿಲ್ಲ. ನವೆಂಬರಿನಲ್ಲಿ ಗುಡ್ಡದ ಹಿಂದೆ ಇಳಿದ ಸೂರ್ಯನ ಪತ್ತೆ ಜನವರಿಯವರೆಗೆ ಇರುವುದಿಲ್ಲ. ಅಲ್ಲಿಯತನಕ ಯಾರು ಕಾಫಿಗೆ ಉಪ್ಪು ಹಾಕಿದರೂ, ಯಾರು ಯಾರ ಮೇಲೆ ಹರಿಹಾಯ್ದರೂ, ‘ಕತ್ತಲೆ ತಲೆ, ಬಿಡು’ ಅಂದರೆ ಮುಗಿಯಿತು.

ಲೈಬ್ರರಿಯ ಟೊರ್ಲೇಫನಿಗೆ ಈ ಮಾತೇ ಮುಳುವಾಯಿತು. ಐವತ್ತು ದಾಟಿದ ಈ ಸಂಕೋಚದ ಪ್ರಾಣಿ ಕ್ರಿಸ್ಮಸ್ಸಿಗೆ ಮುಂಚೆ ಹೇಗೋ ಧೈರ್ಯ ಮಾಡಿ, ಬೇಕರಿಯ ಗುನ್ವೊರಳನ್ನು ಮದುವೆಯಾಗುತ್ತೀಯಾ ಎಂದು ಕೇಳಿಬಿಟ್ಟಿದ್ದ.

“ಇದು ಕತ್ತಲೆ ತಲೆ ಕಣೋ,” ಅಂದಿದ್ದಳು ಅವಳು, ಹಿಟ್ಟಿನ ಕೈ ಒರೆಸಿಕೊಳ್ಳುತ್ತಾ. “ಸೂರ್ಯ ಬಂದ ದಿನ ಬಿಸಿಲಲ್ಲಿ ನಿಂತು ಕೇಳು. ನೋಡೋಣ.”

ಆ ದಿನ ಬಂದಿತ್ತು. ಮಧ್ಯಾಹ್ನ ಸೂರ್ಯ ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಮುಖ ತೋರಿಸಿ ಹೋಗುತ್ತಾನೆ, ಅಷ್ಟೆ. ಅಷ್ಟರೊಳಗೆ ಕೇಳದಿದ್ದರೆ ಕೂಡಿಟ್ಟ ಧೈರ್ಯ ಇನ್ನೊಂದು ದಿನಕ್ಕೆ ಉಳಿಯುವುದಿಲ್ಲವೆಂದು ಟೊರ್ಲೇಫನಿಗೆ ಚೆನ್ನಾಗಿ ಗೊತ್ತಿತ್ತು.

ಬೆಳಿಗ್ಗೆಯೇ ಪಕ್ಕದ ಮನೆಯ ಬೊರ್ಗಿಲ್ಡಜ್ಜಿ ದೊಡ್ಡದೊಂದು ಬಿಳಿ ದೀಪ ಹೊತ್ತು ತಂದಳು. “ಮಂಕು ತಲೇಲಿ ಹೋಗ್ಬೇಡಪ್ಪಾ. ಇದರ ಮುಂದೆ ಕೂತ್ಕೋ. ಮಿದುಳಿಗೆ ಜೂನ್ ಬಂತು ಅನ್ಸುತ್ತೆ.”

ಅವನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತೇ ಕುಳಿತ. ಮಿದುಳು ನಂಬಿತು. ಬರೀ ಅಂಗಿಯಲ್ಲಿ ಸಿಳ್ಳೆ ಹಾಕುತ್ತಾ ಹೊರಟವನಿಗೆ ಇದು ಜನವರಿ ಎಂದು ಅರ್ಧ ದಾರಿಯಲ್ಲಿ ಹೇಳಿದ್ದು ಅವನ ಕಿವಿಗಳು. ಹಲ್ಲು ಕಟಕಟಿಸುತ್ತಾ ಲೈಬ್ರರಿ ಸೇರಿದ.

ಅಲ್ಲಿ ಸಹೋದ್ಯೋಗಿ ಈವಿಂಡ್ ಕಾದಿದ್ದ. “ದೀಪಗೀಪ ಎಲ್ಲ ಸುಳ್ಳು ಮಾರಾಯ. ಮೀನೆಣ್ಣೆ ಕುಡಿ, ತಲೆ ಚುರುಕಾಗುತ್ತೆ.” ಒಂದು ಚಮಚದ ಬದಲು ಲೋಟಕ್ಕೇ ಸುರಿದ. ಕಟಕಟಿಸುವ ಹಲ್ಲಿಗೆ ಲೋಟ ಬಡಿದು ಅರ್ಧ ಹೊಟ್ಟೆಗೆ, ಅರ್ಧ ಅಂಗಿಗೆ. ಈವಿಂಡನಿಗೂ ಪಾಪ ಅನಿಸಿ ತನ್ನ ಕೋಟು ಕೊಟ್ಟ. ಅದು ಟೊರ್ಲೇಫನ ಮಂಡಿಯ ಕೆಳಗೆ ಇಳಿಯುತ್ತಿತ್ತು.

ಊರಿಗೆ ಊರೇ ಗುಡ್ಡ ಹತ್ತುತ್ತಿತ್ತು. ಊರಿನ ನಾಯಿಗಳೂ ಹತ್ತುತ್ತಿದ್ದವು, ಆದರೆ ಅವು ಸೂರ್ಯನನ್ನು ನೋಡಲಲ್ಲ, ಟೊರ್ಲೇಫನನ್ನು ನೆಕ್ಕಲು. ಮೇಲೆ ಗುನ್ವೊರ್ ಈ ದಿನಕ್ಕೆಂದೇ ಮಾಡುವ, ಸೂರ್ಯನ ಹೆಸರಿನ ಜಾಮ್ ಬನ್ನುಗಳನ್ನು ಹಂಚುತ್ತಿದ್ದಳು. ಇವನು ಎದುರು ನಿಲ್ಲುವುದಕ್ಕೂ ಮೋಡ ಸರಿಯುವುದಕ್ಕೂ ಸರಿಹೋಯಿತು. ಹಿಮವೆಲ್ಲ ಹೊಂಬಣ್ಣವಾಯಿತು. ಮಕ್ಕಳು ಕೂಗಿದರು, ದೊಡ್ಡವರು ಅತ್ತರು. ನಾಯಿಯೊಂದು ಕೋಟು ಎಳೆದು ಅವನನ್ನು ಮಂಡಿಯೂರಿಸಿಯೇಬಿಟ್ಟಿತು.

“ಗುನ್ವೊರ್, ಈಗ್ಲೂ ಅದೇ ಕೇಳ್ತಿದೀನಿ. ಮದುವೆ ಆಗ್ತೀಯಾ?”

ಅವಳ ಕಣ್ಣು ತುಂಬಿತು. ಆಮೇಲೆ ತಲೆ ಅಲ್ಲಾಡಿಸಿದಳು. “ಬೇಡ ಕಣೋ. ಇವತ್ತಿನ ನನ್ನ ಮಾತು ನಂಬಬೇಡ. ಬೆಳಿಗ್ಗೆಯಿಂದ ಯಾರು ಏನು ಕೇಳಿದ್ರೂ ಹೂಂ ಅಂತಿದೀನಿ. ಚರ್ಚಲ್ಲಿ ಹಾಡ್ತೀನಿ ಅಂದೆ, ನಂಗೆ ಸ್ವರ ಇಲ್ಲ. ಯಾರದೋ ದೋಣಿ ಕೊಂಡ್ಕೋತೀನಿ ಅಂದೆ, ನಂಗೆ ನೀರು ಕಂಡ್ರೆ ಭಯ. ಇದು ಬಿಸಿಲು ತಲೆ. ಮೊದಲನೇ ಗಂಡನಿಗೆ ಹೂಂ ಅಂದಿದ್ದು ಜೂನಲ್ಲಿ. ಸೂರ್ಯ ಮುಳುಗಲ್ಲ, ಯಾರಿಗೂ ನಿದ್ದೆ ಇಲ್ಲ. ಅವನು ಎಂಥವನು ಅಂತ ತಿಳಿದಿದ್ದು ಅಕ್ಟೋಬರಲ್ಲಿ.”

“ಹಾಗಾದ್ರೆ ಯಾವಾಗ ಕೇಳ್ಲಿ?”

“ಹಗಲು ರಾತ್ರಿ ಸಮ ಆಗೋ ದಿನ ಕೇಳು. ಮಾರ್ಚಲ್ಲಿ.”

“ಈಗ ಏನನ್ನಿಸ್ತಿದೆ, ಅದನ್ನಾದ್ರೂ ಹೇಳೆ.”

“ಹೂಂ ಅನ್ನಿಸ್ತಿದೆ.”

“ಅವತ್ತು ಕತ್ತಲೇಲಿ?”

“ಅವತ್ತೂ ಹೂಂ ಅಂತಲೇ ಅನ್ನಿಸಿತ್ತು,” ಅಂದು ಅವನ ಕೈಗೆ ಬನ್ನು ಇಟ್ಟಳು. “ಆದ್ರೆ ಎರಡು ಸಲವೂ ತಲೆ ನೆಟ್ಟಗಿರ್ಲಿಲ್ವಲ್ಲ.”

ಸೂರ್ಯ ಜಾರಿಕೊಂಡ. ಟೊರ್ಲೇಫ್ ಮುಖದ ತುಂಬ ಬನ್ನಿನ ಸಕ್ಕರೆ ಮೆತ್ತಿಕೊಂಡು, ಸಂತೋಷ ತಡೆಯಲಾರದೆ ಗುಡ್ಡ ಇಳಿದ. ಕೆಳಗೆ ಬೊರ್ಗಿಲ್ಡಜ್ಜಿ ಅಡ್ಡ ನಿಂತಳು.

“ಏನಂದ್ಲೋ?”

“ಹೂಂ ಅಂದ್ಲು ಅಜ್ಜಿ! ಒಂದಲ್ಲ, ಎರಡು ಸಲ!”

“ಮದುವೆ ಯಾವಾಗ?”

“ಮದುವೆ ಸದ್ಯಕ್ಕಿಲ್ಲ. ಮಾರ್ಚಲ್ಲಿ ಇನ್ನೊಂದು ಸಲ ಕೇಳ್ಬೇಕಂತೆ,” ಅಂದ ಟೊರ್ಲೇಫ್.