ಕಂಡಕ್ಟರಕ್ಕನ ಅಧಿಕೃತ ಅನುವಾದ

ಪ್ರಾಂತೀಯ ಪರಿಷತ್ತಿನಲ್ಲಿ ಮೂಲನಿವಾಸಿಗಳಿಗೆ ಅನ್ಯಾಯವಾದದ್ದಕ್ಕೆ ಒಂದೇ ಒಂದು ದಾಖಲೆಯೂ ಇಲ್ಲ. ಅವರ ಅಹವಾಲುಗಳನ್ನು ಬರೆದುಕೊಳ್ಳುವ ರಿಜಿಸ್ಟರನ್ನು ಪರಿಷತ್ತು ಇನ್ನೂ ತರಿಸಿಲ್ಲವಾದ್ದರಿಂದ ಈ ಮಾತನ್ನು ಯಾರೂ ಅಲ್ಲಗಳೆಯಲಾರರು.

ಗುಡ್ಡದ ಮೂಲನಿವಾಸಿಗಳಲ್ಲಿ ಮೊದಲು ಆರಿಸಿ ಬಂದ ಸದಸ್ಯೆ ಹಿಂದೆ ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದರು. ಗುಡ್ಡಕ್ಕೆ ಹೋಗಿಬರುವ ಒಂದೇ ಬಸ್ಸಿನಲ್ಲಿ ಹನ್ನೆರಡು ವರ್ಷ ಟಿಕೆಟ್ ಹರಿದದ್ದರಿಂದ ಎಲ್ಲರಿಗೂ ಕಂಡಕ್ಟರಕ್ಕ. ಪರಿಷತ್ತಿನಲ್ಲಿ ನಡೆಯುವ ಬಯಲಿನವರ ಭಾಷೆ ಅವರಿಗೆ ಸಲೀಸು. ಎಷ್ಟು ಸಲೀಸೆಂದರೆ, ಚಿಲ್ಲರೆ ಇಲ್ಲ ಎಂದವರು ಅವರ ಬಾಯಿಗೆ ಹೆದರಿ ಎಲ್ಲೆಲ್ಲಿಂದಲೋ ಚಿಲ್ಲರೆ ತೆಗೆಯುತ್ತಿದ್ದರು. ಅವರು ಚುನಾವಣೆಗೆ ನಿಂತದ್ದು ಒಂದೇ ಕಾರಣಕ್ಕೆ. ಗುಡ್ಡದ ನಲವತ್ತೆರಡು ಮನೆಗಳಿಗೆ ಇದ್ದದ್ದು ಒಂದೇ ನೀರಿನ ಒರತೆ. ಅದರ ನೆತ್ತಿಯ ಮೇಲೆ ಕಲ್ಲುಗಣಿ ತೆರೆಯುವ ಪ್ರಸ್ತಾವ ಪರಿಷತ್ತಿನ ಮುಂದೆ ಬಂದಿತ್ತು. ಆ ಪ್ರದೇಶದ ಸದಸ್ಯರು ಆಕ್ಷೇಪಿಸಿದರೆ ಗಣಿ ಇಲ್ಲ ಎಂದು ನಿಯಮವಿತ್ತು. ಆದ್ದರಿಂದ ‘ಬೇಡ’ ಎನ್ನುವುದಕ್ಕೆ ಒಬ್ಬರು ಬೇಕಾಗಿದ್ದರು. ಗುಡ್ಡದಲ್ಲಿ ಎಲ್ಲರಿಗಿಂತ ಜೋರು ದನಿ ಅವರದೇ.

ಪ್ರಮಾಣವಚನವನ್ನು ಅವರು ಗುಡ್ಡದ ಭಾಷೆಯಲ್ಲಿ ತೆಗೆದುಕೊಂಡರು. ಅಮ್ಮನಿಗೆ ಅರ್ಥವಾಗಲಿ ಎಂದು. ಸಂದರ್ಶಕರ ಸಾಲಿನಲ್ಲಿ ಕೂತಿದ್ದ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು, ಅರವತ್ತಮೂರು ಸದಸ್ಯರು ಮೇಜು ಕುಟ್ಟಿದರು. ಹೊರಗೆ ಬಂದೊಡನೆ ಪರಿಷತ್ತಿನ ಕಾರ್ಯದರ್ಶಿಗಳು ಅಡ್ಡ ನಿಂತರು.

“ಮೇಡಂ, ಇನ್ಮುಂದೆ ತಾವು ಸದನದಲ್ಲಿ ಗುಡ್ಡದ ಭಾಷೇಲೇ ಮಾತಾಡ್ಬೇಕು. ಪ್ರಮಾಣ ಯಾವ ಭಾಷೇಲೋ ಐದು ವರ್ಷ ಅದೇ ಭಾಷೆ. ತಮ್ಮಂಥವರ ಗೌರವಕ್ಕೇ ಮಾಡಿರೋ ನಿಯಮ.”

“ನಿಮಗೆ ಅದು ಅರ್ಥ ಆಗಲ್ವಲ್ಲ ಸಾರ್?”

“ಅದಕ್ಕೇ ಅಧಿಕೃತ ಅನುವಾದಕರು ಬೇಕು.”

“ಯಾರೂ ಬೇಡ, ನಾನೇ ಹೇಳ್ತೀನಿ ಬಿಡಿ. ಈಗ ನಿಮ್ಮತ್ರ ಮಾತಾಡ್ತಾ ಇಲ್ವಾ?”

“ಇದು ಕಾರಿಡಾರು, ಮೇಡಂ.”

ಪ್ರಕಟಣೆ ಹೊರಟಿತು. ಅಭ್ಯರ್ಥಿಗೆ ಗುಡ್ಡದ ಭಾಷೆ ಬರಬೇಕು, ಹತ್ತು ವರ್ಷ ಸರ್ಕಾರಿ ಸೇವೆ ಆಗಿರಬೇಕು. ಇಡೀ ಪ್ರಾಂತ್ಯದಲ್ಲಿ ಅಂಥವರು ಒಬ್ಬರೇ ಇದ್ದರು. ಪರೀಕ್ಷಕರು ಆ ಭಾಷೆ ಬಲ್ಲ ಜನಪ್ರತಿನಿಧಿಯಾಗಿರಬೇಕು. ಅಂಥವರೂ ಒಬ್ಬರೇ ಇದ್ದರು. ಕಂಡಕ್ಟರಕ್ಕ ಪ್ರಶ್ನೆಪತ್ರಿಕೆ ಬರೆದು ಲಕೋಟೆಗೆ ಅರಗಿನ ಮುದ್ರೆ ಒತ್ತಿ, ಮರುದಿನ ಪರೀಕ್ಷೆಗೆ ಕೂತರು.

“ಅಕ್ಕ, ಈಗಲೇ ಒಡೀಬೇಡಿ. ಗಂಟೆ ಹೊಡೀಲಿ,” ಎಂದ ಕಾವಲಿಗಿದ್ದ ಜವಾನ.

“ಒಳಗೇನಿದೆ ಅಂತ ನನಗೆ ಗೊತ್ತಪ್ಪ.”

“ಹಾಗೆಲ್ಲ ಜೋರಾಗಿ ಹೇಳ್ಬೇಡಿ ಅಕ್ಕ, ಡಿಬಾರ್ ಮಾಡ್ಬೇಕಾಗುತ್ತೆ.”

ತಮಗೆ ತಾವೇ ನೂರಕ್ಕೆ ನೂರು ಕೊಟ್ಟರೆ ಸ್ವಜನಪಕ್ಷಪಾತ ಎಂದಾರೆಂದು ಎಪ್ಪತ್ತೊಂದು ಕೊಟ್ಟುಕೊಂಡರು. ಅಕ್ಷರ ದುಂಡಗಿಲ್ಲವೆಂದು ಎರಡು ಅಂಕ ಕಳೆದದ್ದೂ ಅದರಲ್ಲಿ ಸೇರಿದೆ.

ಸದಸ್ಯೆಯ ಕುರ್ಚಿಯಿಂದ ಅನುವಾದಕರ ಗಾಜಿನ ಗೂಡಿಗೆ ಇಪ್ಪತ್ತೆರಡು ಹೆಜ್ಜೆ. ಗಣಿಯ ವಿಷಯ ಬಂದ ದಿನ ಕಂಡಕ್ಟರಕ್ಕ ಕುರ್ಚಿಯಿಂದ ಎದ್ದು ಗುಡ್ಡದ ಭಾಷೆಯಲ್ಲಿ ‘ಬೇಡ’ ಎಂದರು. ಇಪ್ಪತ್ತೆರಡು ಹೆಜ್ಜೆ ನಡೆದರು. ಸದಸ್ಯರ ಬ್ಯಾಡ್ಜು ತೆಗೆದು ನೌಕರರ ಬ್ಯಾಡ್ಜು ಸಿಕ್ಕಿಸಿಕೊಂಡು, ಮೈಕಿನಲ್ಲಿ “ಬೇಡ” ಎಂದರು. ಸದಸ್ಯರೆಲ್ಲ ಕಿವಿಗೆ ಹೆಡ್‌ಫೋನ್ ಒತ್ತಿಕೊಂಡು ಗಂಭೀರವಾಗಿ ಆಲಿಸಿದರು.

ಮರುದಿನ ಮೆಮೋ ಬಂತು. ‘ಪರಿಷತ್ತಿನ ನೌಕರರಾದ ತಾವು ಪರಿಷತ್ತಿನ ಪ್ರಸ್ತಾವವನ್ನು ವಿರೋಧಿಸಿ ಬಹಿರಂಗ ಹೇಳಿಕೆ ನೀಡಿರುವುದು ಕಂಡುಬಂದಿರುತ್ತದೆ. ಮೂರು ದಿನದೊಳಗಾಗಿ ಸಮಜಾಯಿಷಿ ನೀಡತಕ್ಕದ್ದು.’ ವಿರೋಧಿಸಿದ್ದು ನಾನಲ್ಲ, ಸದಸ್ಯೆ ಎಂದು ಅನುವಾದಕಿ ಉತ್ತರಿಸಿದರು. ಹೌದೇ ಎಂದು ಸದಸ್ಯೆಯನ್ನು ಕೇಳಲಾಯಿತು. ಸದಸ್ಯೆ ಗುಡ್ಡದ ಭಾಷೆಯಲ್ಲಿ ಹೌದು ಎಂದರು. ಅದನ್ನು ಅನುವಾದಿಸಬೇಕಾದವರು ವಿಚಾರಣೆಯಲ್ಲಿದ್ದುದರಿಂದ ಕಡತ ಅಲ್ಲಿಗೇ ನಿಂತು, ಎಚ್ಚರಿಕೆಯೊಂದಿಗೆ ಮುಕ್ತಾಯವಾಯಿತು. ಆ ‘ಬೇಡ’ವನ್ನು ನಡಾವಳಿಯಿಂದ ತೆಗೆದುಹಾಕಲಾಯಿತು.

ಕಂಡಕ್ಟರಕ್ಕ ಎರಡು ರಾತ್ರಿ ನಿಯಮಗಳ ಪುಸ್ತಕ ಓದಿದರು. ಸದಸ್ಯರ ಮಾತಿಗೆ ಮೂರು ನಿಮಿಷ. ಅನುವಾದಕ್ಕೆ ಮಾತ್ರ ಮಿತಿ ಇರಲಿಲ್ಲ. ಅದು ಮುಗಿಯುವ ತನಕ ವಿಷಯವನ್ನು ಮತಕ್ಕೆ ಹಾಕುವಂತೆಯೂ ಇರಲಿಲ್ಲ.

ಮುಂದಿನ ಸಭೆಯಲ್ಲಿ ಕುರ್ಚಿಯಿಂದ ಅದೇ ಒಂದು ಪದ. ಗೂಡಿನಿಂದ ಅನುವಾದ ಶುರುವಾಯಿತು. ಒರತೆ ಯಾವ ಬಂಡೆಯ ಬುಡದಲ್ಲಿದೆ, ಬೆಳಿಗ್ಗೆ ಯಾರ ಬಿಂದಿಗೆ ಮೊದಲು, ಯಾವ ಅಜ್ಜಿಗೆ ಮಂಡಿನೋವು, ಬಸ್ಸಿನ ರೇಡಿಯೇಟರಿಗೆ ಎಷ್ಟು ಕ್ಯಾನು, ಬೇಸಿಗೆಯಲ್ಲಿ ಧಾರೆ ಎಷ್ಟು ದಪ್ಪ. ವಿರೋಧದ ಮಾತು ಒಂದೂ ಇಲ್ಲ. ಒಂದೂವರೆ ಗಂಟೆಯಾದ ಮೇಲೆ ಸಭಾಧ್ಯಕ್ಷರು ಕೆಮ್ಮಿದರು.

“ಸದಸ್ಯರು ಹೇಳಿದ್ದು ಒಂದೇ ಪದ ಅಲ್ವೇನಮ್ಮಾ?”

“ಹೌದು ಸಾರ್. ನಮ್ಮ ಭಾಷೆ ಸ್ವಲ್ಪ ಬಿಗಿ. ಬಿಚ್ಚೋಕೆ ಹೊತ್ತು ಹಿಡಿಯುತ್ತೆ.”

ಹನ್ನೊಂದು ದಿನ ಬಿಚ್ಚಿದರು. ಗಣಿಯ ಗುತ್ತಿಗೆದಾರರು ಸಂದರ್ಶಕರ ಸಾಲಿನಲ್ಲಿ ಹನ್ನೊಂದು ದಿನವೂ ತೂಕಡಿಸಿದರು. ಅವರು ಸಭಾಧ್ಯಕ್ಷರ ಷಡ್ಡಕ ಎಂಬುದು ಕೇವಲ ಕೌಟುಂಬಿಕ ವಿಷಯ. ಅವರ ಯಂತ್ರಗಳು ಗುಡ್ಡದ ಬುಡದಲ್ಲಿ ನಿಂತಲ್ಲೇ ನಿಂತಿದ್ದವು. ಅಮ್ಮ ಅವುಗಳ ಪಕ್ಕದಲ್ಲೇ ಹಾದು ನೀರು ತರುತ್ತಿದ್ದರು.

ಹನ್ನೆರಡನೆಯ ದಿನ ಕಾರ್ಯದರ್ಶಿಗಳು ಹೂಗುಚ್ಛ ಹಿಡಿದು ಬಂದರು.

“ಅಭಿನಂದನೆ ಮೇಡಂ! ಪರಿಷತ್ತು ತಮ್ಮ ಸೇವೆ ಮೆಚ್ಚಿದೆ. ಇವತ್ತಿಂದ ತಾವು ಮುಖ್ಯ ಅನುವಾದಕರು.”

“ಅಂದ್ರೆ?”

“ಮುಖ್ಯ ಅನುವಾದಕರು ಅನುವಾದ ಮಾಡೋ ಹಾಗಿಲ್ಲ. ಅನುವಾದಕರ ಮೇಲ್ವಿಚಾರಣೆ ಮಾಡ್ಬೇಕು.”

“ಅನುವಾದಕರು ಯಾರು?”

“ಆ ಹುದ್ದೆ ಖಾಲಿ ಇದೆ. ತಮ್ಮ ಬಡ್ತಿಯಿಂದಲೇ ಖಾಲಿ ಆಗಿದ್ದು.”

“ನನಗೆ ಬಡ್ತಿ ಬೇಡ ಸಾರ್.”

“ಇದನ್ನ ನೌಕರರಾಗಿ ಹೇಳ್ತಿದೀರೋ, ಸದಸ್ಯರಾಗೋ?” ಅವರ ದನಿಯಲ್ಲಿ ನಿಜವಾದ ಕಾಳಜಿಯಿತ್ತು. “ನೌಕರರಾಗಿ ಅಂದ್ರೆ ಅಶಿಸ್ತು, ವಜಾ. ವಜಾ ಆದವರು ಐದು ವರ್ಷ ಈ ಆವರಣದೊಳಗೆ ಕಾಲಿಡೋ ಹಾಗಿಲ್ಲ. ಸದಸ್ಯರಾಗಿ ಅಂದ್ರೆ ಗುಡ್ಡದ ಭಾಷೇಲಿ ಹೇಳ್ಬೇಕು. ಅನುವಾದ ಯಾರು ಮಾಡ್ತಾರೆ?”

ಅಂದು ಮಧ್ಯಾಹ್ನ ಗಣಿಯನ್ನು ಮತಕ್ಕೆ ಹಾಕಲಾಯಿತು. ಕಂಡಕ್ಟರಕ್ಕ ಕುರ್ಚಿಯ ಮೇಲೇ ಹತ್ತಿ ನಿಂತು, ಗಾಜಿನ ಗೂಡು ಝಲ್ಲೆನ್ನುವಂತೆ ಅದೇ ಒಂದು ಪದ ಕೂಗಿದರು. ಹನ್ನೊಂದು ದಿನ ಅದರ ಅರ್ಥ ಕೇಳಿ ಕೇಳಿ ಬಾಯಿಪಾಠವಾಗಿದ್ದ ಅರವತ್ತಮೂರು ಸದಸ್ಯರು ಹೆಡ್‌ಫೋನ್ ಹಾಕಿಕೊಂಡು ಖಾಲಿ ಗೂಡಿನ ಕಡೆ ನೋಡುತ್ತ ಕಾದರು. ನಡಾವಳಿಯಲ್ಲಿ ಹೀಗಿದೆ: ‘ಗೌರವಾನ್ವಿತ ಸದಸ್ಯೆ ಏನನ್ನೋ ಹೇಳಿದರು. ಅನುವಾದ ಬಾಕಿ. ಆಕ್ಷೇಪಣೆ ದಾಖಲಾಗದ ಕಾರಣ ಪ್ರಸ್ತಾವ ಸರ್ವಾನುಮತದಿಂದ ಅಂಗೀಕಾರ.’

ಗಣಿ ಶುರುವಾದ ಮೂರನೆಯ ವಾರ ಒರತೆಯ ನೀರು ಹಾಲಿನಂತೆ ಬೆಳ್ಳಗಾಯಿತು. ಏಳನೆಯ ವಾರ ನಿಂತಿತು.

ಎಂಟನೆಯ ವಾರ ಅಮ್ಮ ನೀರಿನ ಟ್ಯಾಂಕರಿಗೆ ಅರ್ಜಿ ಹಿಡಿದು ಮುಖ್ಯ ಅನುವಾದಕರ ಕಚೇರಿಗೆ ಬಂದರು. ನಲವತ್ತೆರಡು ಮನೆಯವರ ಹೆಬ್ಬೆಟ್ಟು, ಸಹಿ ಎಲ್ಲ ಅದರಲ್ಲಿತ್ತು.

“ಎಷ್ಟು ದೊಡ್ಡ ಮೇಜೇ ನಿಂದು!” ಎಂದು ಅದನ್ನೊಮ್ಮೆ ಸವರಿ, “ಟ್ಯಾಂಕರ್ ಯಾವತ್ತು ಬರುತ್ತೆ ಹೇಳು ಮಗಳೇ,” ಎಂದರು.

“ಅರ್ಜಿ ನಮ್ಮ ಭಾಷೇಲಿದೆಯಲ್ಲಮ್ಮ.”

“ಗುಡ್ಡದೋರು ಗುಡ್ಡದ ಭಾಷೇಲೇ ಬರೀಬೇಕು ಅಂತ ಹೊರಗೆ ಬೋರ್ಡು ಹಾಕಿದ್ದಾರಲ್ಲೇ. ಯಾಕೆ, ಓದೋಕೆ ಬರಲ್ವಾ ನಿನಗೆ?”

“ಓದಿದೆನಮ್ಮ.” ಅವರು ಕಾಗದದಿಂದ ಕಣ್ಣೆತ್ತಲಿಲ್ಲ. “ನಾನು ಓದಿದ್ರೆ ಕಚೇರಿ ಓದಿದ ಹಾಗಲ್ಲ. ಅನುವಾದಕರು ಬರಬೇಕು.”

“ಯಾವಾಗ ಬರ್ತಾರೆ?”

“ಹತ್ತು ವರ್ಷ ಸೇವೆ ಆಗಿರಬೇಕು. ನನ್ನ ಬಸ್ಸಿಗೆ ಈಗ ನಮ್ಮ ಹುಡುಗಿ ಒಬ್ಬಳು ಸೇರಿದ್ದಾಳಲ್ಲ, ಅವಳಿಗೆ ಇನ್ನೂ ಒಂಬತ್ತು ವರ್ಷ ಬೇಕು.”

ಅಮ್ಮ ಬೆರಳು ಮಡಚಿ ಲೆಕ್ಕ ಹಾಕಿದರು. ಕಂಡಕ್ಟರಕ್ಕ ಅರ್ಜಿಯ ಎಡಮೂಲೆಯಲ್ಲಿ ‘ಬಾಕಿ’ ಮುದ್ರೆ ಒತ್ತಿದರು. ಮುದ್ರೆ ಸೊಟ್ಟಗಾಯಿತು. ಸೊಟ್ಟ ಮುದ್ರೆ ಊರ್ಜಿತವಲ್ಲವಾದ್ದರಿಂದ ಇನ್ನೊಮ್ಮೆ ನೇರವಾಗಿ ಒತ್ತಿ, ಕ್ರಮಸಂಖ್ಯೆ ಬರೆದು ಸ್ವೀಕೃತಿ ಚೀಟಿ ಹರಿದು ಕೊಟ್ಟರು.

“ನಮ್ಮದು ಎಷ್ಟನೇ ನಂಬರು?”

“ಒಂದನೇದಮ್ಮ.”

“ಒಂದನೇದಾ!” ಅಮ್ಮನ ಮುಖ ಅರಳಿತು. “ಮಗಳು ಇದ್ರೆ ಹೀಗಿರ್ಬೇಕು. ಬೇರೆಯವರಾಗಿದ್ರೆ ನಮ್ಮನ್ನ ಕೊನೇಗೆ ನಿಲ್ಲಿಸ್ತಿದ್ರು.”

ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಗುಡ್ಡದವರಿಗೆ ಸುದ್ದಿ ಮುಟ್ಟಿಸಲು ಅವರು ಸಂಜೆಯ ಬಸ್ಸಿಗೆ ಹೊರಟರು.