ಸಹಿ ಹಾಕದ ಸೋದರತ್ತೆ

ರಾಜ್ಯಪಾಲರ ಅಂಕಿತ ಬೇಕೆಂದರೆ ಮಸೂದೆ ಕಳುಹಿಸಿ ಕಾದು ಕುಳಿತರಾಯಿತು, ಒಂದಲ್ಲ ಒಂದು ದಿನ ಸಿಕ್ಕೀತು. ನನ್ನ ಸೋದರತ್ತೆಯ ಸಹಿ ಬೇಕೆಂದರೆ ಮಾತ್ರ ಮುಂದಿನ ಜನ್ಮಕ್ಕೆ ಅರ್ಜಿ ಹಾಕಿಕೊಳ್ಳುವುದು ಕ್ಷೇಮ! ಅವರಿಗೆ ಸಹಿ ಬರುತ್ತಿರಲಿಲ್ಲ ಎಂದುಕೊಳ್ಳಬೇಡಿ. ಏಳನೇ ತರಗತಿಯವರೆಗೆ ಓದಿದವರು. ಅವರ ಅಕ್ಷರ ನನ್ನದಕ್ಕಿಂತ ದುಂಡಗಿತ್ತು. ಬರುತ್ತಿತ್ತು, ಹಾಕುತ್ತಿರಲಿಲ್ಲ. ಅಷ್ಟೆ.

ಯಲಹಂಕದ ಹಳೇ ಊರಿನ ಎರಡು ಕೋಣೆಯ ಮನೆಯಲ್ಲಿ ಅವರೊಬ್ಬರೇ ಇದ್ದರು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಾಗಿರಲಿಲ್ಲ. ಶಾಲೆಯ ದಿನಗಳಲ್ಲಿ ನಾನು ಬೆಳೆದದ್ದು ಅವರ ಬಳಿಯೇ. ಒಮ್ಮೆ ಅವರ ಮಂಡಿನೋವಿಗೆಂದು ನಾನು ಮಂಡಿಗೆ ಕಟ್ಟುವ ಪಟ್ಟಿಯೊಂದನ್ನು ಕೊರಿಯರಿನಲ್ಲಿ ಕಳುಹಿಸಿದೆ. ಕೊರಿಯರಿನವನು ಬಾಗಿಲಿಗೆ ಬಂದು, "ಅಮ್ಮಾ, ಇಲ್ಲೊಂದ್ ಸೈನ್ ಹಾಕಿ" ಅಂದನಂತೆ.

"ಏನೈತೆ ಅದ್ರಾಗೆ?"

"ಗೊತ್ತಿಲ್ಲಮ್ಮಾ. ಪ್ಯಾಕ್ ಆಗಿದೆ."

"ನಿಂಗೇ ಗೊತ್ತಿಲ್ದೇ ಇರೋದಕ್ಕೆ ನಾನ್ಯಾಕಪ್ಪಾ ಸೈನ್ ಆಕ್ಲಿ?"

ಈ ಪ್ರಶ್ನೆಗೆ ಯಾವ ಕೊರಿಯರ್ ಸಂಸ್ಥೆಯ ಬಳಿ ತಾನೇ ಉತ್ತರವಿದೆ? ಪಟ್ಟಿ ಬಂದ ದಾರಿಯಲ್ಲೇ ವಾಪಸಾಯಿತು. ಮಂಡಿನೋವು ಉಳಿಯಿತು.

ಬ್ಯಾಂಕಿನಲ್ಲೂ ಇದೇ ಕಥೆ. ಗಂಡನ ಪಿಂಚಣಿ ಮುಂದುವರಿಯಬೇಕಾದರೆ ತಾನು ಬದುಕಿದ್ದೇನೆ ಎಂದು ಅವರು ವರ್ಷಕ್ಕೊಮ್ಮೆ ಬರೆದುಕೊಡಬೇಕಿತ್ತು. "ಎದುರಿಗೇ ಕುಂತಿವ್ನಿ, ಉಸಿರಾಡ್ತಾ ಇವ್ನಿ. ಇನ್ನೂ ಏನ್ ಅನುಮಾನ ನಿಮ್ಗೆ?" ಎಂದು ಅತ್ತೆ ಕೇಳಿದರು. ಕೌಂಟರಿನ ಹುಡುಗಿ, "ನಂಗೇನೂ ಅನುಮಾನ ಇಲ್ಲ ಅಜ್ಜಿ, ಕಂಪ್ಯೂಟರ್‌ಗೆ ಇದೆ" ಅಂದಳು. ಕಡೆಗೆ ಮ್ಯಾನೇಜರೇ ಆ ನಮೂನೆಯನ್ನು ಆರಂಭದಿಂದ ಕೊನೆಯವರೆಗೆ ಗಟ್ಟಿಯಾಗಿ, ಎರಡು ಸಲ ಓದಿ ಹೇಳಿದ ಮೇಲೆ ಅತ್ತೆ ಹೆಬ್ಬೆಟ್ಟು ಒತ್ತಿದರು. ಸಹಿಯಲ್ಲ, ಹೆಬ್ಬೆಟ್ಟು!

ಆರ್.ಟಿ. ನಗರದ ಕಣ್ಣಾಸ್ಪತ್ರೆಯಲ್ಲಂತೂ ಪೊರೆ ತೆಗೆಸುವ ಮೊದಲು ಕೊಟ್ಟ ಒಪ್ಪಿಗೆ ಪತ್ರವನ್ನು ಮೂಗಿಗೆ ತಾಗಿಸಿಕೊಂಡು ನೋಡಿದರು. "ಕಣ್ ಕಾಣಲ್ಲ ಅಂತ ಬಂದೋಳ ಕೈಗೆ ಇರುವೆ ಸಾಲಿನಂಗಿರೋ ಕಾಗ್ದ ಕೊಡ್ತೀರಲ್ಲ, ನಿಮ್ಗೆ ನ್ಯಾಯವಾ? ಕಣ್ಣು ಸರಿ ಮಾಡಿ, ಓದ್ತೀನಿ. ಓದಿ ಸೈನ್ ಆಕ್ತೀನಿ." ಸಹಿಯಿಲ್ಲದೆ ಕಣ್ಣಿಲ್ಲ, ಕಣ್ಣಿಲ್ಲದೆ ಸಹಿಯಿಲ್ಲ. ವೈದ್ಯಶಾಸ್ತ್ರ ಸೋತು ನಮಸ್ಕಾರ ಮಾಡಿತು. ಎಡಗಣ್ಣು ಪೊರೆಯೊಡನೆಯೇ ಮನೆಗೆ ಬಂತು.

ಇದು ಹುಟ್ಟಿನಿಂದ ಬಂದ ಹುಚ್ಚಲ್ಲ. ಸರಕಾರ ದಯಪಾಲಿಸಿದ್ದು.

ನಮ್ಮದು ಬಾಗಲೂರಿನ ಕಡೆ ರಾಗಿ, ಹುರುಳಿ ಬೆಳೆಯುತ್ತಿದ್ದ ಮನೆತನ. ತಾತ ತೀರಿಕೊಂಡ ಮೇಲೆ ದೊಡ್ಡಪ್ಪ ಮತ್ತು ನಮ್ಮಪ್ಪ ಜಮೀನನ್ನು ಬಾಯಿಮಾತಿನಲ್ಲೇ ಹಂಚಿಕೊಂಡರು. ತಂಗಿಯನ್ನು ಯಾರೂ ಕೇಳಲಿಲ್ಲ. ಕೇಳದಿರುವುದು ದ್ರೋಹವೆಂದು ಯಾರಿಗೂ ಅನ್ನಿಸಲಿಲ್ಲ, ಸ್ವತಃ ಅತ್ತೆಗೂ. ಮುಂದೆ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು ಎಂದು ಕಾನೂನು ಬದಲಾಯಿತು. ಆ ಸುದ್ದಿ ದೆಹಲಿಯಿಂದ ಬಾಗಲೂರಿಗೆ ಬರಲು ಹಲವಾರು ವರ್ಷ ಹಿಡಿಯಿತು. ತಂದವನು ಒಬ್ಬ ಬಿಲ್ಡರ್. ಬಡಾವಣೆ ಮಾಡಲು ಬಂದ ಅವನ ವಕೀಲರು ಕಾಗದಪತ್ರವೆಲ್ಲ ನೋಡಿ, "ಬಾಯಿಮಾತಿನ ಪಾಲು ನಡೆಯಲ್ಲ. ತಂಗಿ ಇದಾರಲ್ಲ, ಅವರ ಹಕ್ಕು ಬಿಡುಗಡೆ ಪತ್ರ ತನ್ನಿ" ಅಂದರು.

ಅಂದಿನಿಂದ ನಮ್ಮ ಮನೆತನದಲ್ಲಿ ಸೋದರಪ್ರೇಮ ಉಕ್ಕಿ ಹರಿಯಿತು! ಗಂಡ ಸತ್ತವಳಿಗೇಕೆ ಎಂದು ಮೂವತ್ತು ವರ್ಷ ನಿಂತೇಹೋಗಿದ್ದ ಗೌರಿ ಹಬ್ಬದ ಬಾಗಿನ ಆ ವರ್ಷ ಕಾರಿನಲ್ಲಿ ಬಂತು. ದೊಡ್ಡಪ್ಪನೇ ಮೊರ ಹೊತ್ತು ತಂದರು. ಅತ್ತೆ ಬಳೆ ಎತ್ತಿಕೊಂಡರು, ಅರಿಶಿನ ಕುಂಕುಮ ಎತ್ತಿಕೊಂಡರು, ಅಕ್ಕಿ ಬೇಳೆ ಬಗ್ಗಿಸಿಕೊಂಡರು. ಮೊರದ ತಳದಲ್ಲಿ ರವಿಕೆ ಕಣದ ಮಡಿಕೆಯೊಳಗೆ ಛಾಪಾ ಕಾಗದದ ಬಿಡುಗಡೆ ಪತ್ರ ಇತ್ತು. ಜೊತೆಗೊಂದು ಪೆನ್ನು. ಹಬ್ಬದ ದಿನ ಹೆಣ್ಣುಮಗಳು ತವರಿನ ಬಾಗಿನವನ್ನು ಬೇಡವೆನ್ನುವುದಿಲ್ಲ ಎಂಬುದು ದೊಡ್ಡಪ್ಪನ ಕಾನೂನು ಜ್ಞಾನ.

ಅತ್ತೆ ಅದನ್ನು ಹಾಗೇ ಮಡಿಸಿ, ಮೇಲೊಂದು ಚಿಟಿಕೆ ಕುಂಕುಮ ಇಟ್ಟು ಹಿಂದಕ್ಕೆ ಕೊಟ್ಟರು. "ಇದು ಬಾಗಿನದಾಗೆ ಸೇರಾಕಿಲ್ಲ ಕಣಣ್ಣಾ. ಪೆನ್ನು ಮಡಿಕ್ಕಂತೀನಿ, ಚೆಂದಾಗೈತೆ."

ಆಮೇಲೆ ಅವರಿಗೆ ಜಗತ್ತಿನ ಪ್ರತಿಯೊಂದು ಕಾಗದವೂ ವೇಷ ಹಾಕಿದ ಬಿಡುಗಡೆ ಪತ್ರವಾಗಿ ಕಾಣತೊಡಗಿತು. ಅನುಮಾನ ಅತಿಯಾಯಿತು ಎನ್ನುವಿರಾ? ಹಬ್ಬದ ಮೊರವನ್ನೇ ನಂಬಲಾಗದವರು ಕೊರಿಯರಿನವನನ್ನು ನಂಬುವುದು ಹೇಗೆ?

ಅವರು ಇಡೀ ಪಾಲು ಕೇಳಿದ್ದರೆ ದೊಡ್ಡಪ್ಪ ಬೈದಾದರೂ ಮುಗಿಸುತ್ತಿದ್ದರು. ಕೇಳಿದ್ದು ಜಮೀನಿನ ಈಶಾನ್ಯದ ಒಂದೇ ಮೂಲೆ. ಅಲ್ಲಿ ನಮ್ಮಜ್ಜಿಯ ಸಮಾಧಿ ಇದೆ. ಅಜ್ಜಿಯ ಹೆಸರು ಯಾವ ಪಹಣಿಯಲ್ಲೂ ಇಲ್ಲ. ಜೀವಮಾನವೆಲ್ಲ ಕಳೆ ಕಿತ್ತ ಹೊಲದಲ್ಲಿ ಅವರಿಗೆ ಸಿಕ್ಕಿದ್ದು ಆರಡಿ, ಅದೂ ಸತ್ತ ಮೇಲೆ. ಬಿಲ್ಡರಿನ ನಕ್ಷೆಯಲ್ಲಿ ಆ ಆರಡಿಯ ಮೇಲೆ ಕೊಳಚೆ ನೀರು ಶುದ್ಧೀಕರಣ ಘಟಕ ಬರಲಿತ್ತು.

"ಸಮಾಧಿ ಮಡಿಕ್ಕಂಡು ಸೈಟ್ ಮಾರಾಕಾಯ್ತದಾ? ಯಾವನ್ ತಗಂತಾನೆ?" ಎಂದು ದೊಡ್ಡಪ್ಪ ರೇಗಿದರು.

ಅತ್ತೆ ನನ್ನ ಕಡೆ ತಿರುಗಿ ಹೇಳಿದರು: "ನಿಮ್ಮ ಮಾವನ ಸಮಾಧಿಗೆ ಹೂವ ಮಡುಗಾನ ಅಂತ ಓಗಿದ್ದೆ ಕಣೋ. ಅವ್ರ ಅಣ್ತಮ್ದೀರು ಜಮೀನ್ ಮಾರವ್ರೆ. ಸಮಾಧಿ ಮ್ಯಾಲೆ ಕಾರ್ ನಿಲ್ಸವ್ರೆ. ಬಿಳೀದು. ಅದ್ರ ಬಾನೆಟ್ ಮ್ಯಾಲೆ ಹೂವ ಮಡುಗಿ ಬಂದೆ."

ನಗಬೇಕೋ ಬೇಡವೋ ತಿಳಿಯಲಿಲ್ಲ. ಅವರೇ ಮೊದಲು ನಕ್ಕರು.

ದೊಡ್ಡಪ್ಪ ವಕೀಲರಿಂದ ಹೊಸ ಅಸ್ತ್ರ ತಂದರು. ಮಕ್ಕಳಿಲ್ಲದ ಹೆಂಗಸು ಸತ್ತರೆ, ತಂದೆಯಿಂದ ಬಂದ ಆಸ್ತಿ ತಿರುಗಿ ತಂದೆಯ ವಾರಸುದಾರರಿಗೇ ಸೇರುತ್ತದಂತೆ! ಒಂದು ಕಾನೂನು ಬಲಗೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕಾನೂನು ಎಡಗೈಯಲ್ಲಿ ತೆಗೆದುಕೊಳ್ಳುತ್ತದೆ. "ನೀನು ಸೈನ್ ಆಕಿದ್ರೂ ನಮ್ದೇಯ, ಆಕ್ದಿದ್ರೂ ನಮ್ದೇಯ" ಎಂದು ದೊಡ್ಡಪ್ಪ ಘೋಷಿಸಿದರು.

"ಅಂಗಾರೆ ಕಾಯಿ. ನಿಂಗೂ ಎಪ್ಪತ್ತಾರಾಯ್ತು. ಯಾರು ಮೊದ್ಲು ಓಯ್ತಾರೋ ನೋಡಾನ" ಅಂದರು ಅತ್ತೆ. ಕಾಫಿ ಕೊಟ್ಟೇ ಕಳುಹಿಸಿದರು, ಸಕ್ಕರೆ ಕಾಯಿಲೆಯ ಅಣ್ಣನಿಗೆ ಸಕ್ಕರೆ ಹಾಕದೆ.

ಆ ಪಂದ್ಯ ಬೇಗ ಮುಗಿಯಿತು. ಅತ್ತೆಗೆ ಲಕ್ವ ಹೊಡೆಯಿತು. ಹೆಬ್ಬಾಳದ ಆಸ್ಪತ್ರೆಯಲ್ಲಿ ಬಲಭಾಗ ಬಿದ್ದುಹೋಗಿ ಮಲಗಿದ್ದರು. ಬಿಲ್ಡರಿನೊಡನೆ ಮಾಡಿಕೊಂಡ ಕರಾರಿನ ಗಡುವು ಮುಗಿಯುತ್ತ ಬಂದಿತ್ತು. ದೊಡ್ಡಪ್ಪ ನನ್ನನ್ನು ಕರೆದು, "ನೀನಂದ್ರೆ ಅವ್ಳಿಗೆ ಪ್ರಾಣ. ಎಬ್ಬೆಟ್ಟಾದ್ರೂ ಸಾಕಂತೆ" ಎಂದು ಪತ್ರವನ್ನೂ ಇಂಕ್ ಪ್ಯಾಡನ್ನೂ ಕೊಟ್ಟರು.

ನಾನು ಒಪ್ಪಲಿಲ್ಲ ಎಂದು ಬರೆದರೆ ಈ ಪ್ರಬಂಧ ಚೆನ್ನಾಗಿರುತ್ತಿತ್ತು. ಅಪ್ಪ ಇಲ್ಲವಾದ ಮೇಲೆ ಅವರ ಭಾಗ ನನ್ನದು. ತೆಗೆದುಕೊಂಡು ಹೋದೆ.

ಮಂಚದ ಪಕ್ಕ ಕುಳಿತು ಜೇಬಿಗೆ ಕೈ ಹಾಕಿದರೆ ಪ್ಯಾಡಿನ ಮುಚ್ಚಳ ಬಿಚ್ಚಿಕೊಂಡಿತ್ತು. ಬೆರಳೆಲ್ಲ ನೀಲಿ. ಅತ್ತೆ ಆ ಬೆರಳುಗಳನ್ನು ನೋಡಿದರು, ನನ್ನ ಮುಖ ನೋಡಿದರು. ಎಡಗೈಯಿಂದ ನನ್ನ ಕೈ ಎಳೆದುಕೊಂಡು, ಹೊದಿಕೆಯ ಅಂಚಿನಿಂದ ಒಂದೊಂದೇ ಬೆರಳನ್ನು ಒರೆಸತೊಡಗಿದರು. ಸೊಟ್ಟಗಾದ ಬಾಯಿಂದ, "ಇಸ್ಕೂಲಿಂದ... ನೀನು ಇಂಗೇ ಬರ್ತಿದ್ದೆ" ಅಂದರು. ಪತ್ರ ಜೇಬಿನಲ್ಲೇ ಉಳಿಯಿತು.

ನಾಲ್ಕನೇ ದಿನ ಅತ್ತೆ ಹೋದರು.

ಯಲಹಂಕದ ಮನೆಯ ಮುಂದೆ ಗಂಡಸರು ಗುಂಪುಗೂಡಿ ಎಲ್ಲಿಗೆ ಒಯ್ಯುವುದೆಂದು ಚರ್ಚಿಸಿದರು. ಗಂಡನ ಕಡೆ ಮಣ್ಣಿಲ್ಲ. ಮದುವೆಯಾಗಿ ಹೋದ ಹೆಣ್ಣನ್ನು ತವರಿನ ಮಣ್ಣಿಗೆ ತರುವ ಪದ್ಧತಿ ನಮ್ಮಲ್ಲಿಲ್ಲ. ವಿದ್ಯುತ್ ಚಿತಾಗಾರವೇ ಸರಿ ಎಂದು ತೀರ್ಮಾನವಾಗುತ್ತಿತ್ತು. ಅಷ್ಟು ಹೊತ್ತೂ ಮೂಲೆಯಲ್ಲಿ ಕುಳಿತಿದ್ದ ದೊಡ್ಡಪ್ಪ ಗೋಡೆ ಹಿಡಿದು ಎದ್ದರು.

"ಬಾಗಲೂರಿಗೆ ನಡೀರಿ. ಅಮ್ಮನ ಪಕ್ಕಕ್ಕೆ."

ಹಾರ ಹಿಡಿದು ಬಂದಿದ್ದ ಬಿಲ್ಡರಿನ ಕಡೆಯವನು ಅವರ ಹತ್ತಿರ ಸರಿದು ಮೆಲ್ಲಗೆ ಹೇಳಿದ: "ಸರ್, ಅಲ್ಲಿ ಬೇಡ ಸರ್. ಪ್ಲಾನ್ ಪೂರ್ತಿ ಬದಲಾಯಿಸ್ಬೇಕಾಗುತ್ತೆ. ಕಾನೂನ್ ಪ್ರಕಾರ ಅವರ ಪಾಲು ಈಗ ನಿಮ್ದೇ ಆಯ್ತಲ್ಲ."

ದೊಡ್ಡಪ್ಪ ಅವನನ್ನು ನೋಡಲಿಲ್ಲ. ಚಟ್ಟದ ಮೇಲಿದ್ದ ತಂಗಿಯನ್ನೇ ನೋಡುತ್ತ ಅಂದರು:

"ಅವ್ಳು ಸೈನ್ ಆಕಿಲ್ಲ ಕಣಪ್ಪ. ಜಾಗ ಅವ್ಳ್ದೇಯ."