ಮಿತರಾಯರಿಗೆ ಸಿಕ್ಕ ಬೆಂಬಲ

ದುಡ್ಡು ಉಳಿಸೋದು ಹೇಗೆ ಅಂತ ಲೋಕಕ್ಕೆಲ್ಲ ಬುದ್ಧಿ ಹೇಳುವವರ ಮನೆಯಲ್ಲಿ ದುಡ್ಡು ಉಳಿದಿರುತ್ತದೆ ಅಂತ ನೀವು ನಂಬಿದ್ದರೆ, ನೀವು ತುಂಬಾ ಒಳ್ಳೆಯವರು. ಮಿತರಾಯರ ಹೆಂಡತಿಯೂ ಮದುವೆಯಾದ ಹೊಸದರಲ್ಲಿ ನಿಮ್ಮಷ್ಟೇ ಒಳ್ಳೆಯವಳಾಗಿದ್ದಳು.

ಮಿತರಾಯ ಅನ್ನೋದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ‘ಕಾಸಿನ ಕಣ್ಣು’ ಅನ್ನೋ ತಮ್ಮ ಬ್ಲಾಗಿಗೋಸ್ಕರ ಅವರೇ ಇಟ್ಟುಕೊಂಡದ್ದು. ಹಗಲೆಲ್ಲ ಕನ್ನಡಕದ ಅಂಗಡಿಯಲ್ಲಿ ನಿಂತು ಗಾಜು ಉಜ್ಜಿ, ಫ್ರೇಮು ಬಗ್ಗಿಸಿ, "ಈಗ ಕಾಣುತ್ತಾ? ಈಗ?" ಅಂತ ಕೇಳೋದು ಅವರ ಕಸುಬು. ಅಲ್ಲಿ ಅವರ ಮಾತಿಗೆ ಯಾರೂ ಕಿವಿ ಕೊಡುತ್ತಿರಲಿಲ್ಲ. (ಕಾಣುತ್ತಾ ಅಂದವನಿಗೆ ಕಾಣುತ್ತೆ ಅಂದರೆ ಮುಗೀತು, ಇನ್ನೇನು ಮಾತು?) ಮನೆಯಲ್ಲಂತೂ ಆ ಪ್ರಶ್ನೆಯೇ ಇಲ್ಲ. ಹೆಂಡತಿ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವಾಕೆ. ದಿನವಿಡೀ ಪಕ್ಕದ ಸೀಟಿನಲ್ಲಿ ಕೂತು "ಬ್ರೇಕು! ಬ್ರೇಕು!" ಅಂತ ಕೂಗಿ ಕೂಗಿ, ಗಂಡ ಬಾಯಿ ತೆರೆದರೂ ಅವಳ ಕಾಲು ತಾನಾಗಿ ಬ್ರೇಕ್ ಹುಡುಕುತ್ತಿತ್ತು. ಕಲಿಯಲು ಬಂದವರು ಅವಳನ್ನು ಮೇಡಂ ಅನ್ನುತ್ತಿದ್ದರು. ಹೆದರಿಕೆಯಾದಾಗ ರಾಯರೂ ಹಾಗೇ ಅನ್ನುತ್ತಿದ್ದರು. ನಾವೂ ಹಾಗೇ ಅನ್ನೋಣ, ಕ್ಷೇಮ.

ಆದರೆ ಬ್ಲಾಗಿನಲ್ಲಿ ರಾಯರ ಗತ್ತೇ ಬೇರೆ. ಅಲ್ಲಿ ಅವರು "ಗುರುಗಳೇ". ಹಾಗೆ ಕರೆಯುತ್ತಿದ್ದವರು ಅವರ ಹಾಗೇ ಉಳಿತಾಯದ ಬಗ್ಗೆ ಬ್ಲಾಗ್ ಬರೆಯುವ ಇನ್ನೈದು ಜನ. ಎಲ್ಲರೂ ಸೇರಿ ‘ಹನಿಗೂಡಿ ಬಳಗ’ ಅಂತ ಒಂದನ್ನು ಕಟ್ಟಿಕೊಂಡಿದ್ದರು. ನೀ ನನಗಿದ್ದರೆ ನಾ ನಿನಗೆ ಅನ್ನೋದೇ ಬಳಗದ ಸಂವಿಧಾನ. ಇವರು ಬರೆದರೆ ಅವರು "ಅದ್ಭುತ" ಅನ್ನಬೇಕು, ಅವರು ಬರೆದರೆ ಇವರು "ಕಣ್ಣು ತೆರೆಸಿದಿರಿ" ಅನ್ನಬೇಕು. ಬಳಗದ ಆಚೆ ಈ ಬ್ಲಾಗುಗಳನ್ನು ಓದುವ ಒಂದು ನರಪಿಳ್ಳೆಯೂ ಇರಲಿಲ್ಲ, ಆದರೆ ಅದನ್ನು ಬಾಯಿಬಿಟ್ಟು ಹೇಳುವ ಕೆಟ್ಟತನ ಬಳಗದಲ್ಲಿ ಯಾರಿಗೂ ಇರಲಿಲ್ಲ. ಇಂಥ ಮಹಾಸಂಸ್ಥೆಗೆ ನಮ್ಮ ರಾಯರು ಅಧ್ಯಕ್ಷರು.

ಒಂದು ಬೆಳಗ್ಗೆ ಮೇಡಂ ರಾಯರ ಕೋಣೆಯ ಬಾಗಿಲಲ್ಲಿ ಬಂದು ನಿಂತಳು.

"ರೀ, ಈ ಹೊಸ ಕುರ್ಚಿ ಯಾಕೆ ಬಂತು?"

"ಕೂತು ಬರೆಯೋಕೆ ಕಣೇ. ಬೆನ್ನುನೋವು ಬಂದ್ರೆ ಡಾಕ್ಟರಿಗೆ ಎಷ್ಟು ಸುರೀಬೇಕು ಗೊತ್ತಾ? ಅದರ ಮುಂದೆ ಇದು ಉಳಿತಾಯ."

"ಈ ದೀಪ?"

"ಮುಖಕ್ಕೆ. ಉಳಿತಾಯದ ವಿಡಿಯೋ ಮಾಡ್ತೀನಲ್ಲ."

"ಈ ಮೈಕು?"

"ಉಳಿತಾಯದ ಮಾತು ಸ್ಪಷ್ಟವಾಗಿ ಕೇಳಿಸಬೇಡ್ವಾ?"

"ಆ ಉಳಿತಾಯ ಎಲ್ರೀ ಇದೆ?"

ರಾಯರು ಕುರ್ಚಿಯಲ್ಲಿ ಒಂದು ಸುತ್ತು ತಿರುಗಿದರು. "ಅದು... ಬರ್ತಾ ಇದೆ."

"ಮನೆಗೆ ಮಾರಿ, ಊರಿಗೆ ಉಪಕಾರಿ! ಕೇಳಿಸ್ಕೊಳ್ಳಿ. ಈ ತಿಂಗಳ ಮನೆ ಖರ್ಚು ಪೂರ್ತಿ ನಿಮ್ಮ ಸಂಬಳದಲ್ಲೇ ನಡೀಬೇಕು, ನನ್ನ ಸಂಬಳ ನಾನು ಮುಟ್ಟಲ್ಲ. ಹೋದ ತಿಂಗಳಿಗಿಂತ ಒಂದೇ ಒಂದು ಕಾಸು ಕಮ್ಮಿಯಾದ್ರೂ ಸಾಕು, ನಿಮ್ಮ ಬ್ಲಾಗಿನ ತಂಟೆಗೆ ಬರಲ್ಲ. ಆಗಲಿಲ್ವೋ, ಪಾಸ್‌ವರ್ಡು ನನ್ನ ಕೈಗೆ, ಬ್ಲಾಗಿಗೆ ಬೀಗ."

"ಆಗಲಿ!" ಅಂದುಬಿಟ್ಟರು ರಾಯರು, ಎದೆ ಉಬ್ಬಿಸಿ. ಅವಳು ಅತ್ತ ಹೋದ ಮೇಲೆ ಎದೆ ಇಳಿಯಿತು. ಬ್ಲಾಗ್ ಹೋದರೆ ಈ ಭೂಮಂಡಲದಲ್ಲಿ ತನ್ನನ್ನು ಗುರುಗಳೇ ಅನ್ನೋರು ಯಾರು? ಬರೀ ಕನ್ನಡಕದವನಾಗಿ ಬದುಕಿ ಏನು ಪ್ರಯೋಜನ? ಹೀಗೆಲ್ಲ ಯೋಚಿಸಿ ಅವರಿಗೆ ನಿಜವಾಗಿ ದುಃಖವಾಯಿತು. ದುಃಖವಾದಾಗ ಬ್ಲಾಗ್ ಬರೆಯೋದು ಅವರ ರೂಢಿ. "ಈ ತಿಂಗಳು ಮನೆ ಖರ್ಚು ಇಳಿಸುವ ಭೀಷಣ ಸಮರಕ್ಕೆ ಇಳಿದಿದ್ದೇನೆ. ಬಂಧುಗಳೇ, ಬೆಂಬಲ ಬೇಕು. ನಿಜವಾದ ಬೆಂಬಲ ಇರೋದು ಕಮೆಂಟಿನಲ್ಲಲ್ಲ, ಪಕ್ಕದಲ್ಲಿ ಬಂದು ನಿಲ್ಲೋದರಲ್ಲಿ" ಅಂತ ಬರೆದರು. ಬರೆಯೋವಾಗ ಆ ಕೊನೇ ವಾಕ್ಯ ಬಹಳ ಚೆನ್ನಾಗಿದೆ ಅನ್ನಿಸಿತ್ತು.

ಮಾರನೆಯ ದಿನ ಬೆಳಗ್ಗೆ ಕರೆಗಂಟೆ ಹೊಡೆಯಿತು. ಬಾಗಿಲಲ್ಲಿ ಒಬ್ಬ ತೆಳ್ಳಗಿನ ಮನುಷ್ಯ. ಒಂದು ಕೈಯಲ್ಲಿ ದಿಂಬು, ಇನ್ನೊಂದು ಕೈಯಲ್ಲಿ ಒಗೆಯೋ ಬಟ್ಟೆಯ ದೊಡ್ಡ ಮೂಟೆ.

"ಗುರುಗಳೇ, ನಾನು ಶೂನ್ಯಪ್ಪ! ‘ಖರ್ಚು ಶೂನ್ಯ’ ಬ್ಲಾಗಿನವನು. ಪಕ್ಕದಲ್ಲಿ ನಿಲ್ಲೋಕೆ ಬಂದಿದ್ದೀನಿ."

"ಎಷ್ಟು ಹೊತ್ತು ನಿಲ್ತೀರಿ?" ಅಂತ ಒಳಗಿಂದ ಮೇಡಂ ಕೇಳಿದಳು.

"ತಿಂಗಳು ಮುಗಿಯೋವರೆಗೂ, ಅತ್ತಿಗೆ!" ಅಂದ ಶೂನ್ಯಪ್ಪ, ಸೋಫಾದ ಮೇಲೆ ದಿಂಬು ಇಟ್ಟು.

ಶೂನ್ಯಪ್ಪನ ಶಿಸ್ತು ಏನು ಕೇಳ್ತೀರಿ! ಮೇಡಂ ಸ್ನಾನಕ್ಕೆ ಹೋದರೆ ಹೊರಗಿನಿಂದ ಲೈಟ್ ಆರಿಸುತ್ತಿದ್ದ. "ಅತ್ತಿಗೆ, ಮೈ ಎಲ್ಲಿದೆ ಅಂತ ನಿಮಗೆ ಗೊತ್ತಿದೆಯಲ್ಲ!" ಅನ್ನುತ್ತಿದ್ದ. ತಾನು ಓದೋಕೆ ಕೂತರೆ ದೀಪವನ್ನೇ ಹಾಕುತ್ತಿರಲಿಲ್ಲ. ಫ್ರಿಜ್ಜಿನ ಬಾಗಿಲು ತೆರೆದಿಟ್ಟುಕೊಂಡು, ಅದರ ಮುಂದೆ ಕುರ್ಚಿ ಹಾಕಿಕೊಂಡು, ಆ ಬೆಳಕಿನಲ್ಲಿ ಓದುತ್ತಿದ್ದ. ಓದ್ತಾ ಓದ್ತಾ ಕೈಗೆ ಸಿಕ್ಕಿದ್ದನ್ನು ತಿನ್ನುತ್ತಿದ್ದ. ವಾರ ಮುಗಿದಾಗ "ಈ ವಾರ ನನ್ನ ಒಟ್ಟು ಖರ್ಚು ಸೊನ್ನೆ" ಅಂತ ಬರೆದ. ಬಳಗ ಬೆಚ್ಚಿಬಿತ್ತು. ಇಂಥ ಸಾಧನೆ ಮಾಡೋದು ಹೇಗೆ ಅಂತ ಕೇಳಿದವರಿಗೆಲ್ಲ ರಾಯರ ವಿಳಾಸ ಕೊಟ್ಟ.

ಮೊದಲು ಕೂಪನಕ್ಕ ಬಂದಳು. ಯಾವ ಅಂಗಡಿಯಲ್ಲಿ ಏನು ಕೊಂಡರೆ ಏನು ಪುಕ್ಕಟೆ ಅಂತ ಬರೆಯೋದು ಆಕೆಯ ಬ್ಲಾಗು. ಬಂದವಳೇ ರಾಯರ ಕಾರ್ಡ್ ಇಸ್ಕೊಂಡು ಹೋಗಿ, ನೆಲ ಒರೆಸೋ ದ್ರಾವಣದ ಬಾಟಲಿಗಳನ್ನು ಆಟೋ ತುಂಬ ಹೇರಿಕೊಂಡು ಬಂದಳು. ಜೊತೆಗೊಂದು ಬಕೆಟ್ ಉಚಿತ.

"ಗುರುಗಳೇ, ಒಂದೇ ಏಟಿಗೆ ಎಷ್ಟು ಉಳಿಸಿದ್ದೀವಿ ಗೊತ್ತಾ!"

"ಉಳಿಸಿದ್ದು ಎಲ್ಲಮ್ಮ?" ಅಂದರು ರಾಯರು ಕ್ಷೀಣವಾಗಿ.

"ಬಾಟಲಿಯಲ್ಲಿ."

ಆಮೇಲೆ ಅರ್ಧ ದಂಪತಿ. ಬದುಕಿನಲ್ಲಿ ಎಲ್ಲವನ್ನೂ ಅರ್ಧ ಮಾಡಿ ಅಂತ ಗಂಡ ಹೆಂಡತಿ ಇಬ್ಬರೂ ಸೇರಿ ಬರೆಯುತ್ತಿದ್ದರು. (ಲೇಖನವೂ ಅರ್ಧಕ್ಕೇ ನಿಲ್ಲುತ್ತಿತ್ತು.) ತಟ್ಟೆಯಲ್ಲಿ ಬಡಿಸಿದ್ದರಲ್ಲಿ ಅರ್ಧ ಮಾತ್ರ ತಿಂದು, ಉಳಿದರ್ಧ ದಂಡವಾಗಬಾರದು ಅಂತ ಅದನ್ನೂ ತಿನ್ನುತ್ತಿದ್ದರು. ಎಲ್ಲರಿಗಿಂತ ಕೊನೆಗೆ ಬಂದವರು ಖಜಾಂಚಿ. ಬಳಗದಲ್ಲಿ ಖಜಾನೆ ಇರಲಿಲ್ಲ, ಆದರೆ ಖಜಾಂಚಿ ಇದ್ದರು. ನಿವೃತ್ತರು, ಒಬ್ಬರೇ ಇರೋದು, ಮಹಡಿ ಮನೆ, ಸುತ್ತ ತೋಟ. ಅದಕ್ಕೆಲ್ಲ ಬೀಗ ಹಾಕಿ, ಮೇನ್ ಸ್ವಿಚ್ ಆರಿಸಿ ಬಂದಿದ್ದರು. "ಇಷ್ಟು ಜನ ನಿಮಗೆ ಬೆಂಬಲ ಕೊಡ್ತಿದ್ದಾರೆ ಸಾರ್. ಇವರಿಗೆ ಬೆಂಬಲ ಯಾರು? ಅದಕ್ಕೇ ನಾನು ಬಂದೆ" ಅಂತ ರಾಯರ ಹೊಸ ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲ.

ಸಂಜೆ ಹೊತ್ತು ಮುಂದಿನ ಹಾಲ್‌ನಲ್ಲಿ ಪಿನ್ ಬಿದ್ದರೆ ಕೇಳಿಸುವ ನಿಶ್ಶಬ್ದ. ಐದೂ ಜನ ಮಂಡಿಗೆ ಮಂಡಿ ತಾಗಿಸಿ ಕೂತು, ಫೋನಿನಲ್ಲಿ ಒಬ್ಬರು ಬರೆದದ್ದಕ್ಕೆ ಇನ್ನೊಬ್ಬರು "ಅದ್ಭುತ" ಅಂತ ಕಮೆಂಟ್ ಒತ್ತುತ್ತಿದ್ದರು. ಎದುರಿಗೇ ಕೂತಿದ್ದಾರಲ್ಲ, ಬಾಯಲ್ಲಿ ಹೇಳಬಾರದಾ ಅಂತ ಮೇಡಂ ಕೇಳಿದ್ದಕ್ಕೆ, ಬಾಯಲ್ಲಿ ಹೇಳಿದ್ದು ಲೆಕ್ಕಕ್ಕೆ ಬರಲ್ಲ ಅತ್ತಿಗೆ ಅಂದರು.

ಮೇಡಂ ರಾಯರನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ರೀ, ಇವರು ಯಾವಾಗ ಹೋಗ್ತಾರೆ?"

"ಬೆಂಬಲ ಮುಗಿದ ಮೇಲೆ."

"ಬೆಂಬಲ ಯಾವಾಗ ಮುಗಿಯುತ್ತೆ?"

"ಖರ್ಚು ಇಳಿದ ಮೇಲೆ."

"ಖರ್ಚು ಯಾವಾಗ ಇಳಿಯುತ್ತೆ?"

ರಾಯರು ಸ್ವಲ್ಪ ಯೋಚಿಸಿದರು. "ಇವರು ಹೋದ ಮೇಲೆ."

"ಹಾಗಾದ್ರೆ ಈಗಲೇ ಓಡಿಸಿ!"

"ಹಾಗನ್ಬೇಡ ಕಣೇ! ನನ್ನ ಓದುಗರೆಲ್ಲ ಅಲ್ಲಿ ಹಾಲಲ್ಲಿ ಕೂತಿದ್ದಾರೆ. ಎಲ್ಲರನ್ನೂ ಓಡಿಸಿ ಬರೆದರೆ ನನ್ನನ್ನ ಓದೋರು ಇನ್ಯಾರು, ನೀನಾ?" ಅಂದಾಗ ರಾಯರ ಕಣ್ಣಲ್ಲಿ ನೀರೇ ಬಂತು. ಮೇಡಂಗೆ ಒಂದು ಗಳಿಗೆ ಪಾಪ ಅನ್ನಿಸಿತು. ಆಮೇಲೆ ಒಲೆ ಮೇಲಿನ ಹಂಡೆಯಂಥ ಕಾಫಿ ಪಾತ್ರೆ ನೋಡಿ ಆ ಪಾಪ ಹಾರಿಹೋಯಿತು.

ತಿಂಗಳು ತುಂಬಿತು. ಕರೆಂಟು, ನೀರು, ಗ್ಯಾಸು, ದಿನಸಿ ಅಂಗಡಿ, ಎಲ್ಲ ಬಿಲ್ಲುಗಳೂ ಒಟ್ಟಿಗೇ ಬಂದವು. ಬಳಗದ ಸಭೆ ಸೇರಿತು. ಖಜಾಂಚಿಗಳು ಕನ್ನಡಕ ಏರಿಸಿ (ಅದಕ್ಕೆ ರಾಯರೇ ಅಂಗಡಿಯಿಂದ ಹೊಸ ಫ್ರೇಮು ತಂದು ಹಾಕಿಕೊಟ್ಟಿದ್ದರು) ಒಟ್ಟು ಮೊತ್ತ ಓದಿದರು. ಹೋದ ತಿಂಗಳ ಮೂರರಷ್ಟು. ಅರ್ಧ ಹೆಂಡತಿ ಬಾಯಿಗೆ ಕೈ ಇಟ್ಟುಕೊಂಡಳು.

"ಬಳಗದ ಇತಿಹಾಸದಲ್ಲೇ ಇಂಥ ದುಂದುವೆಚ್ಚ ಕಂಡಿಲ್ಲ" ಅಂದರು ಖಜಾಂಚಿಗಳು, ದನಿ ನಡುಗಿಸಿ.

"ಆದರೆ ಅದನ್ನೆಲ್ಲ ನೀವೇ..." ಅಂತ ರಾಯರು ಬಾಯಿ ತೆರೆದರು.

ಶೂನ್ಯಪ್ಪ ಎದ್ದು ನಿಂತ. "ಗುರುಗಳೇ, ಮನಸ್ಸಿಗೆ ನೋವಾಗಿದೆ, ಆದರೂ ಕೇಳ್ತೀನಿ. ಇದೇ ಮನೆಯಲ್ಲಿ, ಇದೇ ತಿಂಗಳು, ಇದೇ ಊಟ ಮಾಡಿಕೊಂಡು ನಾನು ಸೊನ್ನೆ ಖರ್ಚಿನಲ್ಲಿ ಬದುಕಿದೆ. ಕೂಪನಕ್ಕ ಬದುಕಿದಳು. ಇವರಿಬ್ಬರೂ ಬದುಕಿದರು. ನಿಮ್ಮೊಬ್ಬರಿಗೆ ಯಾಕೆ ಸಾಧ್ಯವಾಗಲಿಲ್ಲ?"

ನೀವೇ ಹೇಳಿ, ಈ ಪ್ರಶ್ನೆಗೆ ನಿಮ್ಮ ಹತ್ತಿರ ಉತ್ತರ ಇದೆಯಾ? ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತಾರಲ್ಲ, ಹಾಗಾಯಿತು. ಖಜಾಂಚಿಗಳು ಮತಕ್ಕೆ ಹಾಕಿ ಕೈ ಎತ್ತಿಸಿದರು. ಐದೂ ಕೈ ಮೇಲೆ ಹೋದವು. ಅಧ್ಯಕ್ಷರನ್ನು ಬಳಗದಿಂದಲೇ ತೆಗೆದುಹಾಕಲಾಯಿತು.

"ಸಾರ್, ಸಭೆ ಸದಸ್ಯರಿಗೆ ಮಾತ್ರ. ಸ್ವಲ್ಪ ಆ ಕಡೆ..." ಅಂತ ಖಜಾಂಚಿಗಳು ಸಂಕೋಚದಿಂದ ಅಡುಗೆಮನೆ ತೋರಿಸಿದರು. ರಾಯರು ಹೋಗಿ ಉಚಿತವಾಗಿ ಬಂದ ಬಕೆಟ್ಟನ್ನು ಕವುಚಿ ಹಾಕಿ ಅದರ ಮೇಲೆ ಕೂತರು. ಹಾಲ್‌ನಿಂದ ಶೂನ್ಯಪ್ಪನ ಮಾತು ಕೇಳಿಸಿತು: "ಹಾಗಂತ ಬಿದ್ದವನನ್ನ ಕೈಬಿಡೋಕಾಗುತ್ತಾ? ಮನುಷ್ಯ ಕೆಟ್ಟಿದ್ದಾನೆ ಅಂದ ಮೇಲೆ ಬೆಂಬಲ ಇನ್ನೂ ಜಾಸ್ತಿ ಬೇಕು. ಇನ್ನು ಮೂರು ತಿಂಗಳು ಇಲ್ಲೇ ಇದ್ದು ಇವರನ್ನ ದಾರಿಗೆ ತರೋಣ." ಎಲ್ಲರೂ ಚಪ್ಪಾಳೆ ತಟ್ಟಿದರು.

ಅದೇ ಹೊತ್ತಿಗೆ ಮೇಡಂ ಕೆಲಸ ಮುಗಿಸಿ ಬಂದಳು. ಬಾಗಿಲಲ್ಲೇ ನಿಂತು ವಿಷಯ ಕೇಳಿ ತಿಳಿದುಕೊಂಡಳು. ಬೈಯಲಿಲ್ಲ, ಕೂಗಲಿಲ್ಲ. ಕಾರಿನ ಕೀಲಿಕೈ ಬೆರಳಲ್ಲಿ ಒಂದು ಸುತ್ತು ತಿರುಗಿಸಿ, "ನಾನೂ ಬಳಗಕ್ಕೆ ಸೇರಬಹುದಾ?" ಅಂದಳು.

"ನಿಮ್ಮ ಈ ತಿಂಗಳ ಮನೆ ಖರ್ಚು ಎಷ್ಟಮ್ಮ?" ಅಂದರು ಖಜಾಂಚಿಗಳು.

"ಸೊನ್ನೆ. ಎಲ್ಲ ಇವರದ್ದೇ."

ಬಳಗಕ್ಕೆ ರೋಮಾಂಚನವಾಯಿತು. ಕೂಡಲೇ ಸದಸ್ಯೆ, ಮರುನಿಮಿಷ ಅಧ್ಯಕ್ಷೆ. (ಹೇಗೂ ಜಾಗ ಖಾಲಿ ಇತ್ತು.) ಅಧ್ಯಕ್ಷೆಯ ಮೊದಲ ಭಾಷಣ ಹೀಗಿತ್ತು: "ನೋಡಿ, ಇಂಥ ದುಂದುಗಾರನ ಮನೆಯಲ್ಲಿ ನೀವಿರೋದು ಸರಿಯಲ್ಲ. ಸಹವಾಸದೋಷ ಅಂಟಿಕೊಳ್ಳುತ್ತೆ. ಖಜಾಂಚಿಗಳ ಮನೆಯ ಬಿಲ್ಲು ಈ ತಿಂಗಳು ಸೊನ್ನೆಯಂತೆ. ಬಿಲ್ಲೇ ಬರದಂಥ ಪುಣ್ಯದ ಮನೆ! ಕಲಿಯೋದಿದ್ರೆ ಅಲ್ಲಿ ಹೋಗಿ ಕಲಿಯೋಣ. ಅವರ ಪಕ್ಕದಲ್ಲಿ ನಿಲ್ಲೋಣ."

ಖಜಾಂಚಿಗಳ ಮುಖ ಹಿಂಡಿದ ನಿಂಬೆಹಣ್ಣಿನ ಹಾಗಾಯಿತು. "ಅಯ್ಯೋ, ನನಗ್ಯಾಕಮ್ಮ ಬೆಂಬಲ..." ಅಂತ ಅವರು ಗೊಣಗುವಷ್ಟರಲ್ಲಿ ಶೂನ್ಯಪ್ಪ ದಿಂಬು ಕಂಕುಳಲ್ಲಿ ಇಟ್ಟುಕೊಂಡಿದ್ದ. ‘ಕಲಿಯುವವರ ವಾಹನ’ ಅಂತ ಬೋರ್ಡಿದ್ದ ಕಾರಿನಲ್ಲಿ ಮೇಡಂ ಅವರನ್ನೆಲ್ಲ ಎರಡು ಸಲಕ್ಕೆ ಸಾಗಿಸಿದಳು. ಎರಡನೇ ಸಲ ಹೊರಡುವಾಗ ಅವಳದೇ ಒಂದು ಚಿಕ್ಕ ಪೆಟ್ಟಿಗೆಯೂ ಹತ್ತಿತು. "ಅಧ್ಯಕ್ಷೆ ಅಂದ ಮೇಲೆ ಎಲ್ಲರೂ ಸರಿಯಾಗಿ ಸೇರಿಕೊಂಡರಾ ಅಂತ ನೋಡಬೇಕಲ್ಲ, ಒಂದೆರಡು ದಿನ" ಅಂದಳು. ಬ್ಲಾಗಿನ ಪಾಸ್‌ವರ್ಡನ್ನೂ ಬರೆಸಿಕೊಂಡಳು. ಮಾತು ಅಂದರೆ ಮಾತು.

ರಾಯರಿಗೆ ಪಾಸ್‌ವರ್ಡ್ ಹೋದ ಸಂಕಟ ಇದ್ದೇ ಇತ್ತು, ಆದರೂ ಹೆಂಡತಿಯ ಚಾಣಾಕ್ಷತನ ನೆನೆದು ಎದೆ ತುಂಬಿ ಬಂತು. ಎಂಥ ಹೆಂಗಸು! ಗಂಡನಿಗೋಸ್ಕರ ಆ ದಂಡನ್ನೆಲ್ಲ ಒಂದೇ ಮಾತಿಗೆ ಹೊರಡಿಸಿಬಿಟ್ಟಳಲ್ಲ! ಸೋಫಾ ಕೊಡವಿ, ನೆಲವೆಲ್ಲ ಒರೆಸಿ (ದ್ರಾವಣಕ್ಕೇನು ಬರವೇ?), ಅವಳು ಬಂದ ಕೂಡಲೇ ಬ್ಲಾಗಿನ ಬಗ್ಗೆ ಒಂದು ಮಾತು ಕೇಳಿ ನೋಡೋಣ, ಕರಗಿದರೂ ಕರಗಬಹುದು ಅಂತ ಕಾದರು. ಒಂದೆರಡು ದಿನ ಅಂದದ್ದು ವಾರವಾಯಿತು. ತಡೆಯಲಾರದೆ ಫೋನ್ ಮಾಡಿದರು.

"ಯಾವಾಗ ಬರ್ತೀಯೇ?"

"ರೀ! ನಿಮ್ಮನ್ನ ಇಷ್ಟು ವರ್ಷ ಸುಮ್ಮಸುಮ್ಮನೆ ಬೈದುಬಿಟ್ಟೆ ಕಣ್ರೀ" ಅಂದಳು ಮೇಡಂ. ದನಿಯಲ್ಲಿ ನಿಜವಾದ ಪಶ್ಚಾತ್ತಾಪವಿತ್ತು. "ಉಳಿತಾಯ ಅಂದ್ರೆ ಇಷ್ಟು ಸುಖ ಅಂತ ನನಗೆ ಗೊತ್ತೇ ಇರಲಿಲ್ಲ. ಮಹಡಿ ಮೇಲೆ ನನಗೇ ಅಂತ ಒಂದು ಕೋಣೆ. ಯಾವಾಗ ನಲ್ಲಿ ತಿರುಗಿಸಿದರೂ ಬಿಸಿನೀರು. ಅಡುಗೆ ಖಜಾಂಚಿಗಳದ್ದೇ, ಅಳ್ತಾ ಅಳ್ತಾ ಮಾಡ್ತಾರೆ, ಆದ್ರೂ ರುಚಿಯಾಗಿರುತ್ತೆ. ಖರ್ಚು ಸೊನ್ನೆ!"

"ಮತ್ತೆ... ನನ್ನ ಬ್ಲಾಗು?"

"ಬೀಗ ಹಾಕೋಣ ಅಂತಲೇ ತೆಗೆದೆ. ಇಷ್ಟು ಒಳ್ಳೇ ಬ್ಲಾಗನ್ನ ಮುಚ್ಚೋದು ದುಂದು ಅನ್ನಿಸಿತು. ನಾನೇ ಬರೀತಿದ್ದೀನಿ. ನಿನ್ನೆ ಬರೆದದ್ದನ್ನ ಊರವರೆಲ್ಲ ಓದ್ತಿದ್ದಾರಂತೆ, ಡ್ರೈವಿಂಗ್ ಕಲಿಯೋಕೆ ಬರೋ ಹೆಂಗಸರೆಲ್ಲ ಗುರುಗಳೇ ಗುರುಗಳೇ ಅಂತ ಕೈ ಮುಗೀತಾರೆ."

"ಏನಂತ ಬರೆದೆ?"

"‘ಖರ್ಚು ಇಳಿಸುವ ಮೊದಲ ಹೆಜ್ಜೆ: ಗಂಡನನ್ನು ಮನೆಯಲ್ಲೇ ಬಿಟ್ಟು ಬನ್ನಿ.’"

"ನಾನೂ ಅಲ್ಲಿಗೆ ಬರ್ಲಾ, ಮೇಡಂ?"

"ಅಯ್ಯೋ, ಇಲ್ಲಿ ಸದಸ್ಯರಿಗೆ ಮಾತ್ರ ಕಣ್ರೀ. ನಿಯಮ ನಾನೇ ಮುರಿದ್ರೆ ಹೇಗೆ?"

"ಹಾಗಾದ್ರೆ ನಾನು ಏನು ಮಾಡ್ಲಿ?"

"ನೀವಾ?" ಅಂದಳು ಮೇಡಂ, ಮದುವೆಯಾದ ಮೇಲೆ ಅವರು ಕೇಳೇ ಇರದಷ್ಟು ಅಕ್ಕರೆಯಿಂದ. "ನೀವು ಇನ್ನು ಆರಾಮಾಗಿ ಖರ್ಚು ಮಾಡ್ಕೊಂಡಿರಿ."